ನಿಂತ ಒನಕೆ, ತಲೆಕೆಳಗಾದ ಹಿತ್ತಲು

ಹೋದ ತಿಂಗಳು ನಮ್ಮ ಮನೆಯವರು ನಿವೃತ್ತರಾದರು. ಹೊಸಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಕಟ್ಟು ಹಾಕಿಸಿದ ಅಭಿನಂದನಾ ಪತ್ರವನ್ನು ಮೈಕಿನಲ್ಲಿ ಓದಿದರು. "ದೃಗುಪಕರಣಗಳು, ಖಗೋಳ ವೀಕ್ಷಣೆ ಹಾಗೂ ಧ್ವನಿ ಮರುಪ್ರಸಾರ, ಈ ಎಲ್ಲ ಕ್ಷೇತ್ರಗಳಿಗೆ ಮಾನ್ಯರ ಕೊಡುಗೆ ಅಪಾರ" ಎಂದು ಅದರಲ್ಲಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದ ಮೇಡಂ ಒಬ್ಬರು ನಾನು ಅಳುತ್ತಿದ್ದೇನೆಂದು ತಿಳಿದು ನನ್ನ ಬೆನ್ನು ಸವರಿದರು.

ಆ ಪತ್ರ ಬರೆದವರು ಈ ಕೊಡುಗೆಗಳನ್ನು ದೂರದಿಂದ ನೋಡಿದವರು. ನಾನು ಅವುಗಳ ಜೊತೆ ಒಂದೇ ಸೂರಿನಡಿ ಬಾಳಿದವಳು. ದೃಗುಪಕರಣಕ್ಕೆ, ಅಂದರೆ ಗಾಜು ಕನ್ನಡಿಗೆ, ಹೋದದ್ದು ನನ್ನ ಪಾತ್ರೆಗಳು, ಧ್ವನಿಗೆ ಹೋದದ್ದು ನನ್ನ ದಿಂಬುಗಳು, ಖಗೋಳಕ್ಕೆ ಹೋದದ್ದು ನನ್ನ ಮಾನ. ಹಾಗಾಗಿ ನಡೆದದ್ದನ್ನು ನಾನೇ ಬರೆದಿಡುತ್ತೇನೆ. ಅವರ ಹೆಸರು ಮಾತ್ರ ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ಸೇರಿಸಿ ಒಂದು ಸಲ ಹೇಳಿದ್ದೇನೆ, ಅಷ್ಟು ಸಾಕು.

ಮೊದಲು ಅವರ ಒಂದು ಗುಣ ಹೇಳಬೇಕು. ಅವರು ಏನನ್ನೂ ವಿವರಿಸದೆ ಬಿಡುವವರಲ್ಲ. ಹಾಲು ಉಕ್ಕಿದರೆ ಒಲೆ ಆರಿಸುವುದಿಲ್ಲ, ಹಾಲು ಯಾಕೆ ಉಕ್ಕುತ್ತದೆ ಎಂದು ಹೇಳುತ್ತಾರೆ. ಮದುವೆಯ ಹೊಸದರಲ್ಲಿ ನನ್ನನ್ನು ಹಂಪಿಗೆ ಕರೆದುಕೊಂಡು ಹೋದರು. ಬೇರೆ ಜೋಡಿಗಳು ಹೊಳೆಯ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವರು ನನ್ನ ಕೈ ಹಿಡಿದು ದೊಡ್ಡ ಗುಡಿಯ ಹಿಂದಿನ ಕತ್ತಲೆ ಜಾಗಕ್ಕೆ ಕರೆದೊಯ್ದರು. ನನಗೆ ಏನೇನೋ ಅನಿಸಿ ನಾಚಿಕೆಯಾಯಿತು. ಅಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಎದುರು ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬಿದ್ದಿತ್ತು. ಮೇಲಿನ ಬೆಳಕು ಕಿಂಡಿ ದಾಟಿ ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ ಹೋಗುತ್ತದೆ ಎಂದು ಮುಕ್ಕಾಲು ಗಂಟೆ ಪಾಠ ಮಾಡಿದರು. ಕೊನೆಗೆ "ತಿಳೀತೇನು?" ಎಂದು ಕೇಳಿದರು. "ತಿಳೀತ್ರಿ, ಹೊಟ್ಟಿ ಹಸದೈತಿ" ಎಂದೆ. ಹೊಟ್ಟೆ ಯಾಕೆ ಹಸಿಯುತ್ತದೆ ಎಂಬುದನ್ನು ಮಿರ್ಚಿ ಅಂಗಡಿ ಬರುವವರೆಗೆ ಹೇಳಿದರು.

ಆಗ ಅವರು ದೋಣಿಮಲೈಯಲ್ಲಿ ಶಾಲಾ ಮೇಷ್ಟ್ರು. ಗಣಿಯ ಟೌನ್‌ಶಿಪ್ಪಿನಲ್ಲಿ ನಮಗೊಂದು ಕ್ವಾರ್ಟರ್ಸು. ಅವರು, ನಾನು, ಮತ್ತು ಬುಕ್ಕಸಾಗರದಿಂದ ಬಂದು ನಮ್ಮ ಜೊತೆ ಇದ್ದ ನಮ್ಮತ್ತೆ. ಚಾಳೀಸಿನ ಎರಡು ಗಾಜು, ಒಂದು ರಟ್ಟಿನ ಕೊಳವೆ ಸೇರಿಸಿ ದುರ್ಬೀನು ಮಾಡಿಕೊಂಡು ಇವರು ಸಂಜೆ ಹೊತ್ತು ಅಂಗಳದಲ್ಲಿ ಕೂರುತ್ತಿದ್ದರು. ಒಂದು ಸಂಜೆ ಉತ್ತರದ ಅಂಚಿನಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಕೆಂಪು ನಕ್ಷತ್ರ ಕಂಡಿತು. ಹೊತ್ತುತ್ತಿತ್ತು, ಆರುತ್ತಿತ್ತು. ಮೂರು ಸಂಜೆ ಗಡಿಯಾರ ಹಿಡಿದು ಅದರ ಮಿಡಿತ ಬರೆದುಕೊಂಡರು. ನನ್ನ ಗಂಡ ಹೊಸ ಚುಕ್ಕಿ ಕಂಡುಹಿಡಿದಿದ್ದಾರೆ ಎಂದು ನಾನು ಇಡೀ ಕಾಲೊನಿಗೆ ಸಾರಿಕೊಂಡು ಬಂದೆ. ನಾಲ್ಕನೆಯ ಸಂಜೆ ಸ್ಟಾಫ್ ಬಸ್ಸಿನ ಡ್ರೈವರ್ ಬಂದು ಇಣುಕಿ ನೋಡಿ, "ಸರ್, ಅದು ಕುರೆಕುಪ್ಪ ಕಡೆ ಕಾರ್ಖಾನಿ ಚಿಮಣಿ ಮ್ಯಾಲಿನ ಲೈಟ್ ಐತ್ರಿ. ಇಮಾನ ಬಡೀಬಾರ್ದು ಅಂತ ಹಾಕಿರ್ತಾರ" ಎಂದ. ಇವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಚಿಮಣಿ ಎಷ್ಟು ದೂರ, ಎಷ್ಟು ಎತ್ತರ ಎಂದು ಲೆಕ್ಕ ಹಾಕಿ ಅವನಿಗೇ ವಿವರಿಸಿದರು. ಅವತ್ತು ಬಸ್ಸು ತಡವಾಗಿ ಹೊರಟಿತು. ಬೇಸರವಾದದ್ದು ನನಗೆ. ತಿಂಗಳುಗಟ್ಟಲೆ ನಲ್ಲಿಯ ಹತ್ತಿರ ಹೆಂಗಸರು "ಚುಕ್ಕಿ ಹೆಂಗೈತ್ರಿ?" ಎಂದು ಕೇಳುತ್ತಿದ್ದರು.

ಗಾಜು ಸಣ್ಣದು ಎಂದು ತೀರ್ಮಾನಿಸಿ, ದೊಡ್ಡ ದೂರದರ್ಶಕಕ್ಕೆಂದು ಊಟದ ತಟ್ಟೆಯಷ್ಟು ಅಗಲದ ಕನ್ನಡಿಯನ್ನು ತಾವೇ ಉಜ್ಜಿ ಮಾಡಲು ಹೊರಟರು. ಅಂಗಳದಲ್ಲಿ ಒಂದು ಡ್ರಮ್ಮು, ಅದರ ಮೇಲೆ ದಪ್ಪ ಗಾಜು, ಆ ಗಾಜಿನ ಮೇಲೆ ಇನ್ನೊಂದು ಗಾಜು. ಉಜ್ಜುತ್ತಾ ಡ್ರಮ್ಮಿನ ಸುತ್ತ ತಿರುಗಬೇಕು. ಅತ್ತೆ ಇದನ್ನು ಪ್ರದಕ್ಷಿಣೆ ಎಂದು ಕರೆಯುತ್ತಿದ್ದರು. ಕೊನೆಯ ಹೊಳಪಿಗೆ ಒಂದು ಕೆಂಪು ಪುಡಿ ಬೇಕು, ಅದು ನಮ್ಮ ಕಡೆ ಸಿಗುವುದಿಲ್ಲ. ಇವರು ಪುಸ್ತಕ ತೆಗೆದು ನೋಡಿದರೆ ಅದು ಕಬ್ಬಿಣದ ಆಕ್ಸೈಡು. ಪುಸ್ತಕದಿಂದ ತಲೆ ಎತ್ತಿ ಕಿಟಕಿಯಾಚೆ ನೋಡಿದರು. ಸಂಡೂರಿನ ಗುಡ್ಡವೆಲ್ಲ ಅದೇ. ಅಂದಿನಿಂದ ನಾನು ದಿನಾ ಕಿಟಕಿಯಿಂದ ಒರೆಸಿ ಬಿಸಾಡುತ್ತಿದ್ದ ಕೆಂಪು ದೂಳು ನನ್ನದಲ್ಲ, ವಿಜ್ಞಾನದ್ದಾಯಿತು. ಡಬ್ಬಿಗಳಲ್ಲಿ ತುಂಬಿಟ್ಟರು. ಅವರ ಬನಿಯನ್ನು ಕೆಂಪು, ನನ್ನ ಸೀರೆ ಕೆಂಪು, ಒಂದು ದಿನ ಮೊಸರೂ ಕೆಂಪು. ಆ ದೂಳು ಹಾಕಿ ಒಂದು ವಾರ ಉಜ್ಜಿದ ಮೇಲೆ ನೋಡಿದರೆ ಗಾಜಿನ ತುಂಬ ಬೆಕ್ಕು ಪರಚಿದ ಹಾಗೆ ಗೀರುಗಳು.

ಇವರು ಡ್ರಮ್ಮಿನ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅತ್ತೆ ಬಂದು ಆ ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. "ಲೇ, ಇದರಾಗ ಉಸುಕು ಐತಿ. ಗೋಧಿ ಹಾಲು ತೆಗ್ಯಾದು ನೋಡಿಲ್ಲೇನು ನೀನು?" ಎಂದರು. ನೀರಿನಲ್ಲಿ ಕದಡಿ, ಭಾರದ್ದು ತಳ ಹಿಡಿಯಲು ಬಿಟ್ಟು, ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಅದನ್ನು ಮತ್ತೆ ಬಿಟ್ಟು, ಮತ್ತೆ ಬಗ್ಗಿಸಿ. ನನ್ನ ಏಳು ಪಾತ್ರೆಗಳು ಬೇಕಾದವು. ಪ್ರತಿ ಪಾತ್ರೆಗೂ ಬೆರಳಿಂದ ಪರೀಕ್ಷೆ. ಏಳನೆಯದರಲ್ಲಿ "ಈಗ ಬೆಣ್ಣಿ ಆತು" ಎಂದರು. ಆ ಬೆಣ್ಣೆಯಿಂದಲೇ ಕನ್ನಡಿ ಹೊಳೆಯಿತು. ಅಭಿನಂದನಾ ಪತ್ರದಲ್ಲಿ ಅತ್ತೆಯ ಹೆಸರಿಲ್ಲ ಅನ್ನುವುದು ನನ್ನ ತಕರಾರು.

ಆಮೇಲೆ ಕಾಲೇಜಿನ ಕೆಲಸ ಸಿಕ್ಕಿ ಹೊಸಪೇಟೆಗೆ ಬಂದೆವು. ಅಡುಗೆಮನೆಯ ಹಿಂದೆ ಒಂದು ಉಗ್ರಾಣ, ಅದರ ಮರದ ಬಾಗಿಲು ಹಿತ್ತಲಿಗೆ ತೆರೆಯುತ್ತದೆ. ಗಾಜು ಪರೀಕ್ಷಿಸಲು ಕತ್ತಲೆ ಬೇಕೆಂದು ಇವರು ಅದರ ಕಿಟಕಿಗೆ ರಟ್ಟು ಹೊಡೆದರು. ಒಂದು ಮಧ್ಯಾಹ್ನ ಒಳಗಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ, ಬಾಗಿಲಿನಲ್ಲಿದ್ದ ಹಳೆಯ ಮೊಳೆಯ ತೂತಿನಿಂದ ಬೆಳಕು ಬಂದು ಇಡೀ ಹಿತ್ತಲು ಎದುರಿನ ಗೋಡೆಯ ಮೇಲೆ ಬಣ್ಣ ಸಮೇತ ತಲೆಕೆಳಗಾಗಿ ಬಿದ್ದಿತ್ತು. ನನ್ನ ಸೀರೆಗಳು ಮೇಲ್ಮುಖವಾಗಿ ಒಣಗುತ್ತಿದ್ದವು. ಅತ್ತೆ ಸೂರಿಗೆ ಅಂಟಿಕೊಂಡು ಪಾತ್ರೆ ತಿಕ್ಕುತ್ತಿದ್ದರು.

"ಹಂಪಿ ನಮ್ಮ ಮನೀಗೇ ಬಂತು ನೋಡು" ಎಂದರು ಇವರು.

"ಅಂದ್ರ ನಾವು ಹಿತ್ತಲದಾಗ ಏನ್ ಮಾಡಿದ್ರೂ ನೀವು ಇಲ್ಲಿ ಕುಂತು ನೋಡಬಹುದು ಅಂದಂಗಾತು" ಎಂದೆ.

ಅವತ್ತೇ ಆ ತೂತಿಗೆ ಬಟ್ಟೆಯ ಚೂರು ತುರುಕಿದೆ. ಅವರಿಗೆ ಬೇಕಾದಾಗ ಕೀಳುತ್ತಿದ್ದರು, ನಾನು ಮತ್ತೆ ತುರುಕುತ್ತಿದ್ದೆ. ಬಹಳ ವರ್ಷ ಹೀಗೇ ನಡೆಯಿತು.

ಧ್ವನಿಯ ವಿಷಯಕ್ಕೆ ಬರುತ್ತೇನೆ. ಕಂಪ್ಲಿಯಿಂದ ಎರಡು ದೊಡ್ಡ ಮಣ್ಣಿನ ಗಡಿಗೆ ತಂದು, ಹೊಟ್ಟೆಗೆ ತೂತು ಕೊರೆದು, ಸ್ಪೀಕರ್ ಕೂರಿಸಿದರು. ಡಬ್ಬಿಯಾಕಾರದ ಸ್ಪೀಕರಿನಲ್ಲಿ ದನಿ ಮೂಲೆಗೆ ಬಡಿದು ಕೆಡುತ್ತದೆ, ಗಡಿಗೆಗೆ ಮೂಲೆ ಇಲ್ಲ ಎಂಬುದು ಅವರ ವಾದ. ಮೊದಲ ಸಲ ಹಾಡು ಹಚ್ಚಿದಾಗ ಗಾಯಕಿ ಬಾವಿಯಲ್ಲಿ ಬಿದ್ದು ಹಾಡುತ್ತಿದ್ದಂತೆ ಕೇಳಿತು. ಗಡಿಗೆಯೊಳಗೆ ಹತ್ತಿ ತುಂಬಬೇಕು ಎಂದರು. ಹತ್ತಿ ಎಲ್ಲಿಂದ ಬಂತು ಎಂದು ನನಗೆ ರಾತ್ರಿ ತಲೆ ಇಟ್ಟಾಗ ಗೊತ್ತಾಯಿತು. ಆಮೇಲೆ ದನಿ ನಿಜಕ್ಕೂ ಚೆನ್ನಾಗಿ ಬಂತು, ಸುಳ್ಳು ಹೇಳಬಾರದು. ಒಂದೇ ತೊಂದರೆ ಉಳಿಯಿತು. ಡೊಳ್ಳಿನಂಥ ದಪ್ಪ ಸದ್ದು ಬಂದರೆ ಗಡಿಗೆಗಳು ನೆಲವನ್ನೇ ಗದಗುಟ್ಟಿಸುತ್ತಿದ್ದವು. ಅಡುಗೆಮನೆಯ ಲೋಟಗಳು ನಡೆಯುತ್ತಾ ಹಲಗೆಯ ಅಂಚಿಗೆ ಬಂದು ಕೆಳಗೆ ಬೀಳುತ್ತಿದ್ದವು. ಅದಕ್ಕೂ ವಿವರಣೆ ಇತ್ತು. ಪರಿಹಾರ ಇರಲಿಲ್ಲ.

ಇಷ್ಟರ ನಡುವೆ ಅತ್ತೆಯ ಕಣ್ಣು ಹೋಗುತ್ತಿದ್ದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಅವರು ರೊಟ್ಟಿಯನ್ನು ಸದ್ದಿನ ಮೇಲೆ ಬಡಿಯುತ್ತಿದ್ದರು. ತಟ್ಟುವ ಸದ್ದು ತೆಳುವಾದರೆ ರೊಟ್ಟಿ ತೆಳುವಾಯಿತು ಎಂದರ್ಥ. ರೊಟ್ಟಿ ಮೊದಲಿನ ಹಾಗೇ ಬರುತ್ತಿದ್ದರಿಂದ ಕಣ್ಣೂ ಮೊದಲಿನ ಹಾಗೇ ಇದೆ ಎಂದುಕೊಂಡಿದ್ದೆವು. ಒಂದು ಸಂಜೆ ನಾನು ಮಾಳಿಗೆ ಹತ್ತಿದಾಗ ಅತ್ತೆ ಅಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. "ಬರ್ರಿ, ನಿಂತಾ ಇದ್ದೀರಲ್ಲ, ಕುಂದ್ರಿ. ಸೊಸಿ ಚಾ ತರ್ತಾಳ." ಎದುರಿಗೆ ಇದ್ದದ್ದು ಬಿಳಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ ದೂರದರ್ಶಕ. ನಾನು ಜೋರಾಗಿ ನಕ್ಕೆ. ಅತ್ತೆ ನಗಲಿಲ್ಲ. ಅವರು ಆ ಬಟ್ಟೆಯನ್ನು ಮುಟ್ಟಿ, ಕೊಳವೆಯನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡ ರೀತಿ ನೋಡಿ ನನ್ನ ನಗು ನಿಂತಿತು. ಅದೇ ವಾರ ಕಾದ ಹಂಚಿನ ಮೇಲೆ ಅಂಗೈ ಇಟ್ಟುಬಿಟ್ಟರು.

ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದು ಒಂದು ಗಾಜು ಕೂರಿಸಿದರೆ ಸರಿಹೋಗುತ್ತದೆ, ತಡ ಮಾಡಬೇಡಿ ಎಂದರು. ಅತ್ತೆ ಒಪ್ಪಲಿಲ್ಲ. ಬುಕ್ಕಸಾಗರದಲ್ಲಿ ಅವರ ಅಕ್ಕನಿಗೆ ಹಿಂದೊಮ್ಮೆ ಯಾವುದೋ ಡೇರೆಯಲ್ಲಿ ಆಪರೇಷನ್ ಮಾಡಿ, ಆ ಕಣ್ಣು ಪೂರ್ತಿ ಹೋಗಿತ್ತಂತೆ. "ಈಗ ಹಗಲು ಯಾವ್ದು, ರಾತ್ರಿ ಯಾವ್ದು ಅಂತನಾದ್ರೂ ತಿಳೀತೈತಿ. ಅದೂ ಹೋತಂದ್ರ?" ಎನ್ನುತ್ತಿದ್ದರು. ಇವರು ಕರಿಹಲಗೆ ತಂದು ಕಣ್ಣಿನ ಚಿತ್ರ ಬರೆದು, ಬೆಳಕಿನ ಗೆರೆ ಎಳೆದು, ಮಸೂರ ಹೇಗೆ ಕೆಲಸ ಮಾಡುತ್ತದೆ ಎಂದು ಎರಡು ಗಂಟೆ ವಿವರಿಸಿದರು. ಕರಿಹಲಗೆ ಕಾಣದ ಹೆಂಗಸಿಗೆ.

"ಯಾವ ಗಾಜು ಹಾಕ್ತಾರೋ ಅದನ್ನ ನಾನಾ ನೋಡಿ ಆರಸ್ತೀನವ್ವ" ಎಂದರು ಇವರು ಕೊನೆಗೆ.

"ನೀ ಆರಿಸಿದ ಚುಕ್ಕಿ ಚಿಮಣಿ ಆಗಿತ್ತು" ಎಂದರು ಅತ್ತೆ.

ನನಗೆ ಸಿಟ್ಟು, ಭಯ ಎರಡೂ ಇತ್ತು. ದಿನಾ ಅತ್ತೆ ಬೆಂಕಿಯ ಮುಂದೆ ಕೂರುತ್ತಿದ್ದರು. ಒಲೆಯ ಮುಂದೆ ಬರಬೇಡಿ ಎಂದರೆ ಕೇಳುತ್ತಿರಲಿಲ್ಲ.

ಆಗ ಬಂತು ಸೂರ್ಯಗ್ರಹಣ. ಬೆಳಗ್ಗೆ ಹಿಡಿದು ಹನ್ನೊಂದರ ಸುಮಾರಿಗೆ ಬಿಡುವಂಥದ್ದು. ಗ್ರಹಣ ಬಂದರೆ ಅತ್ತೆಯದು ಒಂದು ಪದ್ಧತಿ. ಹಿತ್ತಾಳೆ ಗಂಗಾಳದಲ್ಲಿ ನೀರು ಹಾಕಿ, ಅರಿಶಿನ ಕುಂಕುಮ ಬಿಟ್ಟು, ನಡುವೆ ಒನಕೆ ನಿಲ್ಲಿಸುವುದು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ತಾನಾಗಿ ನಿಂತಿರುತ್ತದೆ, ಬಿಟ್ಟ ಕ್ಷಣ ತಾನಾಗಿ ಬೀಳುತ್ತದೆ. ನಮ್ಮ ಓಣಿಯ ಹೆಂಗಸರೆಲ್ಲ ಸ್ನಾನಕ್ಕೆ ಏಳುತ್ತಿದ್ದದ್ದೇ ಅತ್ತೆಯ ಒನಕೆ ಬಿದ್ದ ಮೇಲೆ. ಒನಕೆ ಬುಕ್ಕಸಾಗರದ್ದು, ಮದುವೆಯಲ್ಲಿ ಅವರ ಜೊತೆ ಬಂದದ್ದು, ತುದಿಗೆ ಕಬ್ಬಿಣದ ಬಳೆ.

"ಅವ್ವ, ತಳ ಸಪಾಟ ಐತಿ, ಅದಕ್ಕ ನಿಲ್ಲತೈತಿ. ಗ್ರಹಣಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ" ಎಂದರು ಇವರು.

"ಒನಕಿಗೆ ಕಣ್ಣಿಲ್ಲ. ಆದ್ರೂ ಅದಕ್ಕ ಗ್ರಹಣ ಬಿಟ್ಟದ್ದು ತಿಳೀತೈತಿ. ನಿನ್ನ ಗಾಜಿನಕಿಂತ ಅದಾ ಭೇಷಿ."

"ಹಂಗಾರ ಪಂದ್ಯ ಕಟ್ಟವ್ವ. ಗ್ರಹಣ ಬಿಟ್ಟ ಟೈಮಿಗೆ ಸರಿಯಾಗಿ ಒನಕಿ ಬಿತ್ತಂದ್ರ ನಾನು ಆಪರೇಷನ್ ಮಾತಾ ಎತ್ತಂಗಿಲ್ಲ. ಬೀಳಲಿಲ್ಲ ಅಂದ್ರ ಮರುದಿನಾನ ದವಾಖಾನಿಗೆ ಬರಬೇಕು."

ಅತ್ತೆ "ಆತು" ಎಂದರು. ನಾನು ಪಂಚ. ನನಗೆ ಒಳಗೊಳಗೇ ಖುಷಿಯಾಯಿತು. ಯಾರೂ ಮುಟ್ಟದಿದ್ದರೆ ಒನಕೆ ಬೀಳುವುದಿಲ್ಲ ಎಂದು ಇವರು ಹತ್ತು ಸಲ ಹೇಳಿದ್ದರು, ಚಿಮಣಿಯ ವಿಷಯ ಬಿಟ್ಟರೆ ಇವರ ಲೆಕ್ಕ ತಪ್ಪಿದ್ದು ಕಡಿಮೆ.

ಗ್ರಹಣದ ದಿನ ಇವರದೇ ಜಾತ್ರೆ. ಮಾಳಿಗೆ ಮೇಲೆ ದೂರದರ್ಶಕ ಇಟ್ಟು, ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿದರು. ಕಚ್ಚಿದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಅರ್ಧ ಓಣಿ ಮಾಳಿಗೆಯಲ್ಲಿ, ಅರ್ಧ ಓಣಿ ಹಿತ್ತಲಿನಲ್ಲಿ. ಕೆಳಗಿದ್ದವರಿಗೆ ವಿಷಯ ತಿಳಿಯಲಿ ಎಂದು ಎರಡೂ ಗಡಿಗೆಗಳನ್ನು ಹಿತ್ತಲಿನ ಕಟ್ಟೆಯ ಮೇಲೆ ಇಟ್ಟು, ಮೇಲಿಂದ ಮೈಕಿನಲ್ಲಿ ಹೇಳುತ್ತಿದ್ದರು. ಕಟ್ಟೆಯಿಂದ ಎರಡು ಹೆಜ್ಜೆ ದೂರದಲ್ಲಿ ಅತ್ತೆ, ಗಂಗಾಳ, ನೀರು, ಒನಕೆ. ಒನಕೆ ಮೊದಲ ಸಲಕ್ಕೇ ನಿಂತಿತು. ಅತ್ತೆ ಅದನ್ನು ಬೆರಳಿಂದ ಹುಡುಕಿ ನಿಲ್ಲಿಸಿದ್ದನ್ನು ಓಣಿಯವರು ಭಕ್ತಿ ಎಂದುಕೊಂಡರು.

ಹತ್ತು ನಿಮಿಷ ಉಳಿದಿರುವಾಗ ಮೋಡ ಬಂತು. ರಟ್ಟಿನ ಮೇಲೆ ಸೂರ್ಯ ಇಲ್ಲ. ನೋಡಲು ಇನ್ನೇನೂ ಇಲ್ಲದ್ದರಿಂದ ಮಾಳಿಗೆಯ ಜನವೆಲ್ಲ ಇಳಿದು ಬಂದು ಒನಕೆಯ ಸುತ್ತ ನಿಂತರು. ಇವರೂ ಮೈಕು, ಗಡಿಯಾರ ಹಿಡಿದು ಬಂದರು. ಮೋಡ ಬಂದರೇನು, ಗ್ರಹಣ ಬಿಡುವ ಹೊತ್ತು ಸೆಕೆಂಡಿನ ತನಕ ಲೆಕ್ಕ ಹಾಕಿದ್ದಾರಲ್ಲ. "ಹತ್ತು, ಒಂಬತ್ತು, ಎಂಟು" ಎಂದು ಗಡಿಗೆಗಳು ಗಂಭೀರವಾಗಿ ಎಣಿಸಿದವು. ಒನಕೆ ಕಂಬದ ಹಾಗೆ ನಿಂತಿತ್ತು. ನಾನು ನಾಳೆ ಆಸ್ಪತ್ರೆಗೆ ಯಾವ ಸೀರೆ ಉಡಿಸಬೇಕು ಎಂದು ಯೋಚಿಸುತ್ತಿದ್ದೆ.

"ಮೂರು, ಎರಡು, ಒಂದು. ಗ್ರಹಣ ಬಿಟ್ಟಿತು. ಒನಕೆ ನಿಂತೇ ಇದೆ, ಎಲ್ಲರೂ ನೋಡಿ" ಎಂದು ಹೇಳಬೇಕಿತ್ತು. "ಗ್ರಹಣ ಬಿಟ್ಟಿತು" ಎಂಬಲ್ಲಿಗೆ ಅವರಿಗೆ ಸಂತೋಷ ತಡೆಯಲಾಗಲಿಲ್ಲ. ಗೆದ್ದ ಕೂಡಲೇ ಹಚ್ಚಬೇಕೆಂದು ಡೊಳ್ಳಿನ ಸದ್ದನ್ನು ಮೊದಲೇ ತಯಾರಿ ಮಾಡಿ ಇಟ್ಟುಕೊಂಡಿದ್ದರಂತೆ. ಗುಂಡಿ ಒತ್ತಿದರು. ಎರಡೂ ಗಡಿಗೆ ಧಂ ಎಂದವು. ಗಂಗಾಳದ ನೀರು ನಡುಗಿತು, ಒನಕೆ ಒಮ್ಮೆ ಬಾಗಿ, ಸಾವಕಾಶವಾಗಿ ಇವರ ಕಾಲ ಮೇಲೆಯೇ ಬಿತ್ತು.

ಓಣಿಯ ಹೆಂಗಸರು "ಬಿತ್ತು, ಬಿತ್ತು" ಎಂದು ಕೈಮುಗಿದು ಸ್ನಾನಕ್ಕೆ ಹೊರಟರು. ಇವರು ಒಂದೇ ಕಾಲಲ್ಲಿ ಕುಣಿಯುತ್ತಿದ್ದರು.

"ಟೈಮ್ ಎಷ್ಟಲೇ?" ಎಂದು ಕೇಳಿದರು ಅತ್ತೆ.

ಸುಳ್ಳು ಹೇಳಬಹುದಿತ್ತು. ಆದರೆ ಅವರಿಗೆ ಸುಳ್ಳು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತವೆ. "ಸರಿಯಾಗಿ ಅದಾ ಟೈಮವ್ವ. ಆದ್ರ ಅದು ಡೊಳ್ಳಿನ ಸದ್ದಿಗೆ ಬಿದ್ದದ್ದು, ಕಂಪನಕ್ಕ" ಎಂದು ಶುರು ಮಾಡಿದರು.

"ಗ್ರಹಣ ಬಿಟ್ಟದ್ದಕ್ಕ ನೀ ಡೊಳ್ಳು ಹಚ್ಚಿದಿ. ಡೊಳ್ಳು ಹಚ್ಚಿದ್ದಕ್ಕ ಒನಕಿ ಬಿತ್ತು. ಅಂದ್ರ ಗ್ರಹಣ ಬಿಟ್ಟದ್ದಕ್ಕಾ ಬಿತ್ತು" ಎಂದು ಅತ್ತೆ ಎದ್ದು, ಗೋಡೆ ಹಿಡಿದು ಒಳಗೆ ಹೋದರು.

ಅವತ್ತು ನಾನು ಇವರನ್ನು ಬಾಯಿಗೆ ಬಂದಂತೆ ಬೈದೆ. ಒಂದೇ ಒಂದು ನಿಮಿಷ ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಇಷ್ಟು ವರ್ಷದಲ್ಲಿ ಒಂದು ಸಲ ಸುಮ್ಮನಿರಲು ನಿಮ್ಮಿಂದ ಆಗಲಿಲ್ಲ, ಅವರ ಕಣ್ಣು ಹೋದರೆ ಅದು ನಿಮ್ಮ ಡೊಳ್ಳಿಂದ ಎಂದೆ. ಅವರು ಕಾಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ರಾತ್ರಿ ಊಟ ಮಾಡಲಿಲ್ಲ. ಬೈದದ್ದಕ್ಕೆ ನನಗೆ ಅಳು ಬಂತು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ನಾಲ್ಕೈದು ದಿನ ಕಳೆಯಿತು. ಮಂಗಳವಾರ ಮಧ್ಯಾಹ್ನ ನಾನು ತರಕಾರಿ ತಂದು ಅಡುಗೆಮನೆಗೆ ಬಂದೆ. ಉಗ್ರಾಣದ ಹೊಸ್ತಿಲಲ್ಲಿ ಇವರ ಚಪ್ಪಲಿ ಇದ್ದವು. ಇವತ್ತು ಕಾಲೇಜಿಗೆ ಬೂಟು ಹಾಕಿಕೊಂಡು ಹೋಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನಲ್ಲಿ ಠಣ್ ಎಂದು ಸದ್ದಾಯಿತು. ಬಗ್ಗಿ ನೋಡಿದರೆ ಅತ್ತೆ ನೆಲದಲ್ಲಿ ಕೂತಿದ್ದಾರೆ, ಮುಂದೆ ಗಂಗಾಳ, ನೀರು. ಒನಕೆ ಬಿದ್ದಿದೆ. ಅವರು ಅದನ್ನು ಹುಡುಕಿ ಎತ್ತಿ ಮತ್ತೆ ನಿಲ್ಲಿಸಿದರು. ಬಿತ್ತು. ಮೂರನೆಯ ಸಲ ಬಹಳ ಹೊತ್ತು ಹಿಡಿದು, ಒಂದೊಂದೇ ಬೆರಳು ತೆಗೆದರು. ನಿಂತಿತು.

ಅವರು ಒನಕೆಯ ಸುತ್ತ ಅಂಗೈ ಆಡಿಸಿ, ಏನೂ ತಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಒನಕೆ ತೆಗೆದು, ನೀರನ್ನು ಪೂರ್ತಿ ಚೆಲ್ಲಿ, ಒಣ ಗಂಗಾಳದಲ್ಲಿ ನಿಲ್ಲಿಸಿದರು. ಅದರಲ್ಲೂ ನಿಂತಿತು.

"ಯಾರು, ನೀನೇನವ್ವ?" ಎಂದರು ತಿರುಗದೆ.

"ಹೌದ್ರಿ ಅತ್ತಿ."

"ನಿಂತೈತೇನು?"

"ನಿಂತೈತ್ರಿ."

"ಇವತ್ತು ಗ್ರಹಣ ಐತೇನು?"

"ಇಲ್ರಿ. ಇವತ್ತು ಮಂಗಳವಾರ."

ಅತ್ತೆ ಖಾಲಿ ಗಂಗಾಳದ ಅಂಚು ಸವರಿದರು. "ಸಣ್ಣಾಕಿ ಇದ್ದಾಗಿಂದ ನಿಲ್ಲಸಾಕತ್ತೀನಿ. ಗ್ರಹಣ ಇಲ್ಲದಾಗ ಒಮ್ಮಿನೂ ನಿಲ್ಲಿಸಿ ನೋಡಿಲ್ಲ ನೋಡು" ಎಂದರು. ಮತ್ತೆ ಹೇಳಿದರು, "ನಮ್ಮಕ್ಕ ಕಣ್ಣಿನ ಆಪರೇಷನ್ ಆದ ಮೂರನೇ ದಿನಾನ ಗದ್ದಿಗೆ ಇಳದಿದ್ಲು. ನಾಟಿ ಕಾಲ. ಕೆಸರುನೀರು ಕಣ್ಣಿಗೆ ಸಿಡದಿತ್ತು. ಎಲ್ಲಾರೂ ಆಪರೇಷನ್ನಿಗೆ ಹೋತು ಅಂದ್ರು, ನಾನೂ ಅಂದೆ. ಕೆಸರನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ."

ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವಗ ಇದನ್ನ ಹೇಳಬ್ಯಾಡ. ವಿವರಿಸಾಕ ಕುಂದ್ರತಾನ" ಎಂದರು ಅತ್ತೆ.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅತ್ತೆ ಘೋಷಿಸಿದರು. "ಪಂದ್ಯ ನಂದು. ಒನಕಿ ಗೆದ್ದೈತಿ. ನನಗ ಆಪರೇಷನ್ ಮಾಡಸ್ಕೊ ಅಂತ ಇನ್ನ ಯಾರೂ ಅನ್ನಂಗಿಲ್ಲ. ನಾನಾಗಾ ಹೊಂಟೀನಿ, ನನ್ನ ಖುಷಿಗೆ."

ಯಾಕೆ, ಏನಾಯಿತು, ಮನಸ್ಸು ಹೇಗೆ ಬದಲಾಯಿತು ಎಂದು ಇವರು ನೂರು ಪ್ರಶ್ನೆ ಕೇಳುತ್ತಾರೆ ಎಂದು ನಾನು ಹೆದರಿದ್ದೆ. ಅವರು "ಹೂಂ ಅವ್ವ" ಎಂದಷ್ಟೇ ಹೇಳಿ ಪಲ್ಯಕ್ಕೆ ಕೈ ಹಾಕಿದರು. ಹಸಿದಿರಬೇಕು ಎಂದುಕೊಂಡೆ.

ಆಪರೇಷನ್ ಆಯಿತು. ಒಳಗೆ ಅತ್ತೆಗೆ ಗಾಜು ಕೂರಿಸುತ್ತಿದ್ದರೆ ಹೊರಗೆ ಇವರು ಬೆಂಚಿನ ಮೇಲಿದ್ದ ಎಲ್ಲರಿಗೂ ಮಸೂರದ ಪಾಠ ಮಾಡಿದರು. ಮೂರನೆಯವರು ಎದ್ದು ಹೋದ ಮೇಲೂ ಒಳಬಾಗಿಲ ಕಡೆ ನೋಡುತ್ತಾ ಖಾಲಿ ಬೆಂಚಿಗೇ ಪಾಠ ಮುಂದುವರಿಸಿದರು. ಮನೆಗೆ ಬಂದು, ಪಟ್ಟಿ ತೆಗೆದ ಮೇಲೆ ಅತ್ತೆ ಮೊದಲು ನೋಡಿದ್ದು ನನ್ನ ಅಡುಗೆಮನೆಯ ಮೇಲಿನ ಹಲಗೆ. "ಇದನ್ನ ಯಾವಾಗ ಒರೆಸಿದ್ದವ್ವ?" ಎಂದರು. ಆಮೇಲೆ ಮಗನನ್ನು ನೋಡಿದರು. ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಇವನ ಕೂದಲಾ ಎಲ್ಲಿ ಹೋದವು?" ಎಂದು ಕೇಳಿದರು. ತಮ್ಮ ತಪ್ಪೇನೋ ಎಂಬಂತೆ ಇವರು ತಲೆ ಮುಟ್ಟಿಕೊಂಡರು. ಅತ್ತೆಯ ಕೈ ಹಿಡಿದುಕೊಂಡು ನಾನು ಅವತ್ತು ಮನಸಾರೆ ಅತ್ತುಬಿಟ್ಟೆ.

ಎರಡನೆಯ ಕಣ್ಣೂ ಆಗಿ ಕೆಲವು ವಾರಗಳ ಮೇಲೆ, ಒಣಮೆಣಸಿನಕಾಯಿ ಕುಟ್ಟಲು ಒನಕೆ ಬೇಕೆಂದು ಅತ್ತೆ ಉಗ್ರಾಣಕ್ಕೆ ಹೋದರು. ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿಂದ ಕೂಗಿದರು. "ಏನವ್ವ ಇದು, ನೀನು ಇಲ್ಲಿ ತಲಿಕೆಳಗ ನಡ್ಯಾಕತ್ತಿ."

ಓಡಿ ಹೋದೆ. ಬಾಗಿಲಿನ ತೂತಿಗೆ ನಾನು ತುರುಕಿದ್ದ ಬಟ್ಟೆ ನೆಲದಲ್ಲಿ ಬಿದ್ದಿತ್ತು. ಗೋಡೆಯ ಮೇಲೆ ಹಿತ್ತಲು ಬಿದ್ದಿತ್ತು, ಕಟ್ಟೆ, ಹಗ್ಗ, ಸೀರೆಗಳು ಸಮೇತ. ಇಷ್ಟು ವರ್ಷ ಈ ಮನೆಯಲ್ಲಿದ್ದರೂ ಅತ್ತೆ ಅದನ್ನು ನೋಡಿರಲಿಲ್ಲ. ಮೇಲಿನ ಬೆಳಕು ಕೆಳಗೆ, ಕೆಳಗಿನದು ಮೇಲೆ ಎಂದು ನಾನೇ ವಿವರಿಸಿದೆ. ಅತ್ತೆ ಮಗನ ಸ್ಟೂಲಿನ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದರು.

"ಇಲ್ಲಿ ಕುಂತ್ರ ಹಿತ್ತಲದಾಗಿಂದು ಎಲ್ಲಾ ಕಾಣತೈತಿ."

"ಹೌದ್ರಿ."

"ಆ ಮಂಗಳವಾರ ಇವ ಎಲ್ಲಿದ್ದ?"

"ಕಾಲೇಜಿಗೆ ಹೋಗಿದ್ರಲ್ಲ ಅತ್ತಿ" ಎಂದೆ. ಎನ್ನುತ್ತಿದ್ದಂತೆ ನನಗೆ ಹೊಸ್ತಿಲ ಮೇಲಿನ ಚಪ್ಪಲಿ ನೆನಪಾದವು. ಅತ್ತೆಗೆ ಹೇಳಿದೆ. ಇಬ್ಬರೂ ಹೊರಗೆ ಬಂದೆವು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಬಿಸಿ ರೊಟ್ಟಿ ಹಿಡಿದು ಬಂದು ಮಗನ ಎದುರಿಗೆ ನಿಂತರು. "ಲೇ, ನನ್ನ ಆಪರೇಷನ್ನಿನ ಮುಂಚಿ ಒಂದು ಮಂಗಳವಾರ, ಮಧ್ಯಾಹ್ನ, ಎಲ್ಲಿದ್ದಿ?"

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಾಲೇಜಿನ್ಯಾಗವ್ವ" ಎಂದರು. ಎರಡೂ ಕಿವಿ ಸಂಡೂರಿನ ಮಣ್ಣಿನ ಹಾಗೆ ಕೆಂಪಾಗಿದ್ದವು.

ಅತ್ತೆ ತಮ್ಮ ಹೊಸ ಕಣ್ಣಿಂದ ಆ ಕಿವಿಗಳನ್ನು ನೋಡಿದರು. ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟು, "ಪಂದ್ಯ ಯಾರು ಗೆದ್ದದ್ದು?" ಎಂದು ಕೇಳಿದರು.

"ಒನಕಿ ಗೆದ್ದದ್ದವ್ವ" ಎಂದರು ಇವರು.

ಮಂಗಳವಾರ ಆ ಒನಕೆ ಯಾಕೆ ನಿಂತಿತು ಎಂದು ಅವರು ಇವತ್ತಿನವರೆಗೂ ನಮಗೆ ವಿವರಿಸಿಲ್ಲ.